ಗೆರೆ ಎಲ್ಲಿ ಎಳೆಯೋದು? ಕರೆಂಟು, ಕಸ ಮತ್ತು ಕೋರ್ಟಿನ ಲೆಕ್ಕ

ಯಾವುದೋ ವಿದ್ಯುತ್ ಸ್ಥಾವರದ ವಿರುದ್ಧ, ತೈಲದ ಪೈಪ್‌ಲೈನ್ ವಿರುದ್ಧ, ಕಸ ಸುಡುವ ಘಟಕದ ವಿರುದ್ಧ ಜನ ಕೋರ್ಟಿಗೆ ಹೋದರು ಅನ್ನೋ ಸುದ್ದಿ ಓದಿದ ಕೂಡಲೇ ನಾವು ಒಂದು ಚಿತ್ರ ಕಟ್ಟಿಕೊಳ್ಳುತ್ತೇವೆ. ಆ ಕಡೆ ಅಭಿವೃದ್ಧಿ, ಈ ಕಡೆ ಪರಿಸರ, ನಡುವೆ ಕೂತ ನ್ಯಾಯಾಧೀಶರು ಯಾವುದು ಜಾಸ್ತಿ ಮುಖ್ಯ ಅಂತ ತೀರ್ಪು ಕೊಡುತ್ತಾರೆ. ಹಾಗಾಗುವುದು ಅಪರೂಪ. ಬಹುಪಾಲು ಪ್ರಕರಣಗಳಲ್ಲಿ ಯೋಜನೆ ಬೇಕೋ ಬೇಡವೋ ಅನ್ನುವ ಪ್ರಶ್ನೆ ಅವರ ಮುಂದೆ ಇರುವುದೇ ಇಲ್ಲ. ಇರುವುದು ಒಂದು ಕಡತ. ಅನುಮತಿ ಕೊಟ್ಟವರು ಯಾವುದನ್ನು ಲೆಕ್ಕಕ್ಕೆ ಹಿಡಿದರು, ಯಾವುದನ್ನು ಬಿಟ್ಟರು, ಬಿಟ್ಟದ್ದಕ್ಕೆ ತಕ್ಕ ಕಾರಣ ಇತ್ತೋ ಇಲ್ಲವೋ, ಇಷ್ಟನ್ನೇ ಅವರು ನೋಡುವುದು.

ಅಂದರೆ ಜಗಳ ಒಂದು ಗೆರೆಯ ಬಗ್ಗೆ. ಪರಿಣಾಮದ ಲೆಕ್ಕ ಎಲ್ಲಿಗೆ ನಿಲ್ಲಬೇಕು? ಬೇಲಿಯ ಒಳಗೆ ಮಾತ್ರವೋ, ಹೊಗೆ ಹೋದಷ್ಟು ದೂರವೋ? ಹತ್ತು ವರ್ಷಕ್ಕೋ, ಹತ್ತು ಸಾವಿರ ವರ್ಷಕ್ಕೋ? ಈ ಬೂದಿ ಕಸವೋ, ಸಿಮೆಂಟಿನ ಕಚ್ಚಾ ಮಾಲೋ? ತಕರಾರು ಎತ್ತಿದವರಿಗೆ ಕೋರ್ಟಿನ ಬಾಗಿಲು ತೆರೆಯುತ್ತದೋ ಇಲ್ಲವೋ? ಈ ಕ್ಷೇತ್ರದ ಯಾವ ತೀರ್ಪು ಕೈಗೆ ಬಂದರೂ ನಾನು ಮೊದಲು ಹುಡುಕುವುದು ಗೆರೆಯನ್ನು. ಯಾರು ಎಳೆದರು, ಎಲ್ಲಿ ಎಳೆದರು ಅನ್ನೋದು ಸಿಕ್ಕಿಬಿಟ್ಟರೆ ಉಳಿದ ಕಾನೂನಿನ ಮಾತು ತಾನಾಗಿ ಬಿಡಿಸಿಕೊಳ್ಳುತ್ತದೆ.

ಪರಿಸರ ಪರಿಣಾಮ ಅಧ್ಯಯನ ಕಾನೂನಾಗಿ ರೂಪ ಪಡೆದದ್ದು ಅಮೆರಿಕದಲ್ಲಿ. 1970ರ ಜನವರಿ 1ರಂದು ಅಧ್ಯಕ್ಷ ನಿಕ್ಸನ್ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಗೆ ಸಹಿ ಹಾಕಿದರು. ಸರ್ಕಾರ ದೊಡ್ಡ ಕೆಲಸಕ್ಕೆ ಕೈ ಹಾಕುವ ಮೊದಲು, ಅಥವಾ ಅಂಥ ಕೆಲಸಕ್ಕೆ ಒಪ್ಪಿಗೆ ಕೊಡುವ ಮೊದಲು, ಅದರಿಂದ ಪರಿಸರಕ್ಕೆ ಏನಾಗುತ್ತದೆ ಅಂತ ವಿವರವಾಗಿ ಬರೆದಿಡಬೇಕು. ಮರುವರ್ಷವೇ ಮೇರಿಲ್ಯಾಂಡ್‌ನ ಕ್ಯಾಲ್ವರ್ಟ್ ಕ್ಲಿಫ್ಸ್ ಅಣು ವಿದ್ಯುತ್ ಸ್ಥಾವರದ ಪ್ರಕರಣ ಬಂತು. ಅಲ್ಲಿನ ಅಣುಶಕ್ತಿ ಆಯೋಗ ಒಂದು ಜಾಣ ನಿಯಮ ಮಾಡಿಕೊಂಡಿತ್ತು. ಪರಿಸರ ವರದಿ ಕಡತದ ಜೊತೆಗೇ ಸಾಗುತ್ತದೆ, ಆದರೆ ಯಾರೂ ತಕರಾರು ಎತ್ತದಿದ್ದರೆ ವಿಚಾರಣಾ ಮಂಡಳಿ ಅದನ್ನು ಬಿಚ್ಚಿ ನೋಡಬೇಕಾಗಿಲ್ಲ! ಮೇಲ್ಮನವಿ ಕೋರ್ಟು ಇದನ್ನು ಒಪ್ಪಲಿಲ್ಲ. ಸುಮ್ನೆ ಜೊತೆಗೆ ಹೋಗುವ ಕಾಗದದಿಂದ ಯಾರಿಗೆ ಏನು ಪ್ರಯೋಜನ, ತೀರ್ಮಾನ ಮಾಡುವವರು ಅದನ್ನು ಓದಿ ತೂಗಿ ನೋಡಲೇಬೇಕು ಅಂದಿತು.

ಆದರೆ ಆ ಕಾಯ್ದೆಗೆ ಒಂದು ಮಿತಿಯೂ ಇದೆ. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಬಿಡಿಸಿ ಹೇಳಿತು: ಕಾಯ್ದೆ ತಡೆಯುವುದು ತಿಳಿಯದೆ ಮಾಡುವ ತೀರ್ಮಾನವನ್ನು, ಕೆಟ್ಟ ತೀರ್ಮಾನವನ್ನಲ್ಲ. ಎಲ್ಲ ತಿಳಿದೂ ಹಾಳು ಮಾಡುತ್ತೇನೆ ಅಂದರೆ ಈ ಕಾಯ್ದೆ ಅಡ್ಡ ಬರುವುದಿಲ್ಲ. ಓದಲು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಆದರೂ ಇದು ಸಣ್ಣ ಸಂಗತಿಯಲ್ಲ. ಪರಿಣಾಮ ಬರೆದಿಟ್ಟ ಮೇಲೆ ಅದನ್ನು ಎಲ್ಲರೂ ಓದಬಹುದು. ಮಂತ್ರಿಯೂ ಓದಬಹುದು, ಸಾಲ ಕೊಡುವ ಬ್ಯಾಂಕೂ ಓದಬಹುದು. ಹಾಗಾಗಿ ವರದಿಯಲ್ಲಿ ಏನಿರಬೇಕು ಅನ್ನೋದಕ್ಕೇ ಅಷ್ಟೊಂದು ಹೊಡೆದಾಟ.

ಇತ್ತೀಚಿನ ಎರಡು ತೀರ್ಪುಗಳನ್ನು ಅಕ್ಕಪಕ್ಕ ಇಟ್ಟರೆ ವಿಷಯ ಪೂರ್ತಿ ತಿಳಿಯುತ್ತದೆ. ಮೊದಲನೆಯದು ಇಂಗ್ಲೆಂಡಿನದು. ಸರ್ರೆ ಕೌಂಟಿಯ ಹಾರ್ಸ್ ಹಿಲ್ ಎಂಬಲ್ಲಿ ಬಾವಿ ಕೊರೆದು 20 ವರ್ಷ ತೈಲ ತೆಗೆಯಲು 2019ರಲ್ಲಿ ಕೌಂಟಿ ಕೌನ್ಸಿಲ್ ಅನುಮತಿ ಕೊಟ್ಟಿತು. ಒಟ್ಟು ಸಿಗುವ ತೈಲ 33 ಲಕ್ಷ ಟನ್ ಅಂತ ಅಂದಾಜು. ವರದಿಯಲ್ಲಿ ಹಸಿರುಮನೆ ಅನಿಲಗಳ ಲೆಕ್ಕ ಇತ್ತು, ಆದರೆ ಬಾವಿಯ ಜಾಗದಲ್ಲಿ ಹೊರಬರುವುದಕ್ಕೆ ಮಾತ್ರ. ಯಂತ್ರ ಓಡಿಸಿದ್ದು, ಲಾರಿ ಬಂದು ಹೋದದ್ದು, ಇಂಥವು. ಅಲ್ಲಿಂದ ಹೊರಟ ತೈಲ ಶುದ್ಧೀಕರಣವಾಗಿ ಎಲ್ಲೋ ಎಂಜಿನ್‌ನಲ್ಲಿ ಉರಿದಾಗ ಬರುವ ಇಂಗಾಲದ ಡೈಆಕ್ಸೈಡ್, ಅಂದರೆ ಒಂದು ಕೋಟಿ ಟನ್ ಆಸುಪಾಸಿನಷ್ಟು, ಲೆಕ್ಕದಲ್ಲೇ ಇರಲಿಲ್ಲ. ನಾವು ತೆಗೆಯುವವರು, ಉರಿಸುವವರು ಬೇರೆ, ಅದು ನಮ್ಮ ಯೋಜನೆಯ ಪರಿಣಾಮ ಹೇಗಾಗುತ್ತದೆ ಅನ್ನೋದು ವಾದ. ಕೆಳಗಿನ ಎರಡು ಕೋರ್ಟುಗಳು ಅನುಮತಿಯನ್ನು ಉಳಿಸಿದವು.

2024ರ ಜೂನ್ 20ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 3–2 ಬಹುಮತದಲ್ಲಿ ಗೆರೆಯನ್ನು ಅಳಿಸಿ ಮತ್ತೆ ಎಳೆಯಿತು. ಬಹುಮತದ ತೀರ್ಪು ಬರೆದ ಲಾರ್ಡ್ ಲೆಗಟ್ ಅವರ ತರ್ಕ ತುಂಬ ಸರಳ. ಈ ತೈಲ ತೆಗೆದರೆ ಉರಿಯುತ್ತದೆ, ಇದರ ಬಗ್ಗೆ ಎರಡೂ ಕಡೆಯವರಿಗೆ ಅನುಮಾನ ಇಲ್ಲ. ಉರಿದರೆ ಎಷ್ಟು ಅನಿಲ ಬರುತ್ತದೆ ಅಂತ ಲೆಕ್ಕ ಹಾಕುವುದೂ ಕಷ್ಟವಲ್ಲ. ಹಾಗಿದ್ದ ಮೇಲೆ ಅದು ತೆಗೆದದ್ದರ ಪರಿಣಾಮವೇ. ಉಕ್ಕಿನ ಕಾರ್ಖಾನೆಯ ಕಥೆ ಬೇರೆ ಅಂತಲೂ ಅವರು ಹೇಳಿದರು. ಉಕ್ಕು ಯಾವುದಕ್ಕೆ ಹೋಗುತ್ತದೋ, ಕಾರಾಗುತ್ತದೋ ಇನ್ನೇನಾಗುತ್ತದೋ ಮೊದಲೇ ಹೇಳಲು ಆಗುವುದಿಲ್ಲ. ತೈಲಕ್ಕೆ ಅಂಥ ದಾರಿಗಳಿಲ್ಲ. ಈ ತೀರ್ಪಿನ ಪೆಟ್ಟು ಬೇರೆ ಕಡೆಗೂ ಬಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವೈಟ್‌ಹೇವನ್ ಕಲ್ಲಿದ್ದಲು ಗಣಿಯ ಅನುಮತಿ ರದ್ದಾಯಿತು. 2025ರ ಜನವರಿಯಲ್ಲಿ ಉತ್ತರ ಸಮುದ್ರದ ರೋಸ್‌ಬ್ಯಾಂಕ್ ಮತ್ತು ಜಾಕ್‌ಡಾ ಎಂಬ ತೈಲ, ಅನಿಲ ಕ್ಷೇತ್ರಗಳ ಅನುಮತಿಗಳಿಗೂ ಸ್ಕಾಟ್ಲೆಂಡಿನ ಕೋರ್ಟಿನಲ್ಲಿ ಅದೇ ಗತಿ ಆಯಿತು.

ಇನ್ನೊಂದು ತೀರ್ಪು ಒಂದು ವರ್ಷ ತುಂಬುವ ಮೊದಲೇ ಬಂತು, ಅಟ್ಲಾಂಟಿಕ್‌ನ ಆಚೆ ದಡದಲ್ಲಿ. ಯೂಟಾ ರಾಜ್ಯದ ಯುಇಂಟಾ ಕಣಿವೆಯಲ್ಲಿ ಮೇಣದಂಥ ಗಟ್ಟಿ ಕಚ್ಚಾ ತೈಲ ಸಿಗುತ್ತದೆ. ಅದನ್ನು ಸಾಗಿಸಲು 88 ಮೈಲಿ ರೈಲು ಹಳಿ ಹಾಕುವ ಯೋಜನೆ. ಪರಿಸರ ವರದಿ 3,600 ಪುಟಕ್ಕಿಂತ ಜಾಸ್ತಿ. ಅಷ್ಟು ಪುಟದಲ್ಲೂ ರೈಲು ಬಂದರೆ ಹೆಚ್ಚಾಗುವ ಬಾವಿಗಳ ಬಗ್ಗೆ, ದೂರದಲ್ಲಿ ಆ ತೈಲ ಶುದ್ಧೀಕರಿಸುವ ಘಟಕಗಳ ಪಕ್ಕದ ಜನರ ಬಗ್ಗೆ ಸಾಕಷ್ಟು ನೋಡಿಲ್ಲ ಅಂತ ಮೇಲ್ಮನವಿ ಕೋರ್ಟು ಅನುಮತಿಯನ್ನು ತಳ್ಳಿಹಾಕಿತ್ತು. 2025ರ ಮೇ 29ರಂದು ಸುಪ್ರೀಂ ಕೋರ್ಟ್ 8–0 ಮತದಿಂದ ಅದನ್ನು ತಿರುಗಿಸಿತು. ನಿಮ್ಮ ಮುಂದಿರುವುದು ರೈಲು ಹಳಿ, ಅದನ್ನು ನೋಡಿ. ಬಾವಿ ಕೊರೆಯುವುದು, ತೈಲ ಶುದ್ಧೀಕರಿಸುವುದು ಬೇರೆ ಜಾಗದ, ಬೇರೆ ಕಾಲದ, ಬೇರೆಯವರ ಕೆಲಸ. ಎಷ್ಟು ದೂರ ನೋಡಬೇಕು ಅನ್ನೋದನ್ನು ಅನುಮತಿ ಕೊಡುವ ಇಲಾಖೆಗೆ ಬಿಡಿ, ಕೋರ್ಟುಗಳು ಅದರಲ್ಲಿ ಮೂಗು ತೂರಿಸುವುದು ಬೇಡ. ನ್ಯಾಯಮೂರ್ತಿ ಕ್ಯಾವನಾ ಬರೆದ ತೀರ್ಪಿನ ತಿರುಳು ಇದು.

ಎರಡರಲ್ಲೂ ಇದ್ದದ್ದು ತೈಲವೇ, ಕೇಳಿದ ಪ್ರಶ್ನೆಯೂ ಹತ್ತಿರ ಹತ್ತಿರ ಒಂದೇ. ನನಗೆ ಲಂಡನ್ನಿನ ತರ್ಕ ಹೆಚ್ಚು ಸರಿ ಅನ್ನಿಸುತ್ತದೆ. ಆದರೆ ಅಮೆರಿಕದ ಕೋರ್ಟಿನ ಸಿಟ್ಟಿಗೂ ಕಾರಣ ಇಲ್ಲದಿಲ್ಲ. ವರದಿಗಳು ಸಾವಿರಾರು ಪುಟಕ್ಕೆ ಬೆಳೆದಿದ್ದು ಪರಿಸರದ ಮೇಲಿನ ಪ್ರೀತಿಯಿಂದ ಅಲ್ಲ, ಕೇಸಿನ ಭಯದಿಂದ. ಯಾವುದಾದರೂ ಒಂದು ಬಿಟ್ಟುಹೋಗಿ ಕೋರ್ಟು ಹಿಡಿದೀತು ಅಂತ ಎಲ್ಲವನ್ನೂ ತುಂಬುತ್ತಾರೆ, ಕೊನೆಗೆ ಮುಖ್ಯವಾದದ್ದು ಅದರಡಿ ಹೂತುಹೋಗುತ್ತದೆ. 2023ರಲ್ಲಿ ಅಮೆರಿಕದ ಸಂಸತ್ತು ಸಾಮಾನ್ಯ ಯೋಜನೆಯ ವರದಿಗೆ 150 ಪುಟ, ತೀರಾ ಜಟಿಲವಾದ ಯೋಜನೆಗೆ 300 ಪುಟ ಅಂತ ಮಿತಿ ಹಾಕಿದ್ದೂ ಇದಕ್ಕೇ.

ಈಗ ಕಸಕ್ಕೆ ಬರೋಣ. ಇಲ್ಲಿ ಗೆರೆ ಭೂಪಟದ ಮೇಲಲ್ಲ, ವಸ್ತುವಿನ ಮೇಲೆಯೇ ಬೀಳುತ್ತದೆ. ಒಂದು ವಸ್ತು ಕಾನೂನಿನ ಕಣ್ಣಿಗೆ ತ್ಯಾಜ್ಯವಾದರೆ ಅದನ್ನು ಸಾಗಿಸಲು ಪರವಾನಗಿ ಬೇಕು, ಸುರಿಯಲು ಪದರ ಹಾಕಿದ ಗುಂಡಿ ಬೇಕು, ಅಪಾಯಕಾರಿ ತ್ಯಾಜ್ಯವಾದರೆ ಖರ್ಚು ಹಲವು ಪಟ್ಟು. ತ್ಯಾಜ್ಯವಲ್ಲ, ಸರಕು ಅಂತಾದರೆ ಇದ್ಯಾವುದೂ ಇಲ್ಲ. ಅಂದ ಮೇಲೆ ಕೋಟಿಗಟ್ಟಲೆ ಹಣ ನಿಂತಿರುವುದು ಆ ಹಣೆಪಟ್ಟಿಯ ಮೇಲೆ.

ಕಲ್ಲಿದ್ದಲ ಬೂದಿಯನ್ನೇ ನೋಡಿ. 2008ರ ಡಿಸೆಂಬರ್ 22ರ ರಾತ್ರಿ ಅಮೆರಿಕದ ಟೆನೆಸ್ಸಿಯಲ್ಲಿ ಕಿಂಗ್‌ಸ್ಟನ್ ಶಾಖೋತ್ಪನ್ನ ಸ್ಥಾವರದ ಬೂದಿ ಹೊಂಡದ ಏರಿ ಕುಸಿಯಿತು. ನೀರಿನ ಜೊತೆ ಕಲಸಿ ದಶಕಗಳಿಂದ ಪೇರಿಸಿಟ್ಟಿದ್ದ ಬೂದಿಯ ಕೆಸರು, ಸುಮಾರು 40 ಲಕ್ಷ ಘನ ಮೀಟರ್, ಹರಿದು ನದಿಗೆ ಬಿತ್ತು, ಹತ್ತಿರ ಹತ್ತಿರ 300 ಎಕರೆ ಮುಚ್ಚಿತು, ಮನೆಗಳನ್ನು ತಳ್ಳಿಕೊಂಡು ಹೋಯಿತು. ಕಲ್ಲಿದ್ದಲ ಬೂದಿಯಲ್ಲಿ ಆರ್ಸೆನಿಕ್, ಸೀಸ, ಸೆಲೆನಿಯಂ ಇರುತ್ತವೆ. ಬಾಚಿ ತೆಗೆಯಲು ವರ್ಷಗಳು ಹಿಡಿದವು, ಖರ್ಚು ನೂರು ಕೋಟಿ ಡಾಲರ್ ದಾಟಿತು. ಬಾಚುವ ಕೆಲಸ ಮಾಡಿದ ಕಾರ್ಮಿಕರು ತಮಗೆ ಕಾಯಿಲೆ ಬಂತು ಅಂತ ಗುತ್ತಿಗೆದಾರ ಕಂಪನಿಯ ಮೇಲೆ ಹೂಡಿದ ದಾವೆ 2023ರಲ್ಲಿ ರಾಜಿಯಲ್ಲಿ ಮುಗಿಯಿತು.

ಇಷ್ಟೆಲ್ಲ ಆಗುವಾಗ ಆ ಬೂದಿ ಕಾನೂನಿನಲ್ಲಿ ಏನಾಗಿತ್ತು ಗೊತ್ತಾ? ಅಪಾಯಕಾರಿ ತ್ಯಾಜ್ಯದ ಕಾಯ್ದೆ 1976ರಲ್ಲೇ ಬಂದಿತ್ತು. ಆದರೆ 1980ರಲ್ಲಿ ಒಂದು ತಿದ್ದುಪಡಿ ತಂದು, ಅಧ್ಯಯನ ಮುಗಿಯುವವರೆಗೆ ಅಂತ ಹೇಳಿ ಕಲ್ಲಿದ್ದಲ ಬೂದಿಯನ್ನು ಪಕ್ಕಕ್ಕಿಟ್ಟಿದ್ದರು. ಆ ತಾತ್ಕಾಲಿಕ ವ್ಯವಸ್ಥೆ ದಶಕಗಳ ಕಾಲ ಉಳಿಯಿತು. ಕಿಂಗ್‌ಸ್ಟನ್ ಆದ ಮೇಲೆ ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ ನಿಯಮ ಬರೆಯಲು ಕೂತಿತು. ಆಗ ಉದ್ಯಮದ ಕಡೆಯಿಂದ ಬಂದ ದೊಡ್ಡ ವಾದ: ಅಪಾಯಕಾರಿ ಅಂತ ಕರೆದರೆ ಬೂದಿ ಹಾಕಿದ ಸಿಮೆಂಟು, ಕಾಂಕ್ರೀಟು ಯಾರೂ ಕೊಳ್ಳುವುದಿಲ್ಲ, ಮರುಬಳಕೆಯೇ ನಿಂತುಹೋಗುತ್ತದೆ, ಇನ್ನೂ ಜಾಸ್ತಿ ಬೂದಿ ಹೊಂಡಕ್ಕೇ ಬೀಳುತ್ತದೆ. ವಾದ ಪೂರ್ತಿ ಪೊಳ್ಳೂ ಅಲ್ಲ. 2015ರ ನಿಯಮದಲ್ಲಿ ಬೂದಿ ಅಪಾಯಕಾರಿಯಲ್ಲದ ಘನ ತ್ಯಾಜ್ಯವಾಗಿ ಉಳಿಯಿತು, ಹೊಂಡಗಳಿಗೆ ಮಾತ್ರ ಬಿಗಿ ಷರತ್ತು ಬಂತು. ಆಗಲೂ ಒಂದು ಕಿಂಡಿ ಬಿಟ್ಟಿದ್ದರು. ಮುಚ್ಚಿಹೋದ ಸ್ಥಾವರಗಳ ಹಳೇ ಹೊಂಡಗಳಿಗೆ ನಿಯಮ ಅನ್ವಯಿಸುತ್ತಿರಲಿಲ್ಲ. ನೋಡಿಕೊಳ್ಳುವವರೇ ಇಲ್ಲದ ಹೊಂಡಕ್ಕೇ ವಿನಾಯಿತಿ! 2018ರಲ್ಲಿ ಕೋರ್ಟು ಇದನ್ನು ತಪ್ಪು ಅಂದಿತು, 2024ರಲ್ಲಿ ಅವೂ ನಿಯಮದೊಳಗೆ ಬಂದವು. ಭಾರತ ಇನ್ನೊಂದು ದಾರಿ ಹಿಡಿಯಿತು. 1999ರಿಂದ ಹಾರುಬೂದಿಯನ್ನು ಇಟ್ಟಿಗೆ, ಸಿಮೆಂಟು, ರಸ್ತೆಗೆ ಬಳಸಲೇಬೇಕು ಅಂತ ಅಧಿಸೂಚನೆಗಳು ಬರುತ್ತಾ ಹೋದವು, 2021ರ ಡಿಸೆಂಬರ್ 31ರ ಅಧಿಸೂಚನೆಯಲ್ಲಿ ಬಳಸದೆ ಉಳಿದ ಪ್ರತಿ ಟನ್ನಿಗೆ 1,000 ರೂಪಾಯಿ ಪರಿಹಾರ ವಸೂಲಿಯ ಷರತ್ತು ಸೇರಿತು.

ಕಸ ಸುಟ್ಟು ಕರೆಂಟು ಮಾಡುವ ಘಟಕಗಳ ಬೂದಿಯದು ಇನ್ನೂ ಸ್ವಾರಸ್ಯದ ಕಥೆ. 1986ರಲ್ಲಿ ಕಿಯಾನ್ ಸೀ ಎಂಬ ಹಡಗು ಫಿಲಡೆಲ್ಫಿಯಾ ನಗರದ ಕಸ ಸುಟ್ಟ ಬೂದಿ 14,000 ಟನ್‌ಗೂ ಹೆಚ್ಚು ತುಂಬಿಕೊಂಡು ಹೊರಟಿತು. ಇಳಿಸಿಕೊಳ್ಳಲು ದೇಶಗಳು ಒಂದಾದ ಮೇಲೊಂದು ಒಲ್ಲೆ ಅಂದವು. 1988ರ ಆರಂಭದಲ್ಲಿ ಹೈಟಿಯ ಗೊನಾಯಿವ್ ಎಂಬಲ್ಲಿ, ಇದು ಗೊಬ್ಬರ ಅಂತ ಹೇಳಿ ಸುಮಾರು 4,000 ಟನ್ ಇಳಿಸಿಬಿಟ್ಟರು. ನಿಜ ತಿಳಿದು ಸರ್ಕಾರ ವಾಪಸ್ ತುಂಬಿಕೊಳ್ಳಿ ಅನ್ನುವಷ್ಟರಲ್ಲಿ ಹಡಗು ಮಾಯ. ಆಮೇಲೆ ಅದು ಹೆಸರು ಬದಲಾಯಿಸಿಕೊಂಡು ತಿರುಗಿತು, ಉಳಿದ ಬೂದಿ ಸಮುದ್ರದ ಪಾಲಾಯಿತು. ಹೈಟಿಯ ದಡದಲ್ಲಿದ್ದ ರಾಶಿಯನ್ನು ಮತ್ತೆ ಅಮೆರಿಕಕ್ಕೆ ತಂದದ್ದು 2000ದಲ್ಲಿ, ಅದು ಪೆನ್ಸಿಲ್ವೇನಿಯಾದ ಮಣ್ಣಿನಡಿ ಸೇರಿದ್ದು 2002ರಲ್ಲಿ. ಅಪಾಯಕಾರಿ ತ್ಯಾಜ್ಯವನ್ನು ಗಡಿ ದಾಟಿಸುವ ಮೊದಲು ಪಡೆಯುವ ದೇಶದ ಲಿಖಿತ ಒಪ್ಪಿಗೆ ಬೇಕು ಅನ್ನುವ ಬಾಸೆಲ್ ಒಪ್ಪಂದ 1989ರಲ್ಲಿ ಆದದ್ದು ಇಂಥ ಹಡಗುಗಳಿಂದಾಗಿಯೇ. 2021ರಿಂದ ಬೆರಕೆ ಪ್ಲಾಸ್ಟಿಕ್ ಕಸಕ್ಕೂ ಆ ಒಪ್ಪಿಗೆಯ ನಿಯಮ ಬಂದಿದೆ.

ಷಿಕಾಗೋ ನಗರದ ಪ್ರಕರಣ ಕೋರ್ಟಿನೊಳಗೇ ನಡೆಯಿತು. ಮನೆಗಳ ಕಸಕ್ಕೆ ಅಪಾಯಕಾರಿ ತ್ಯಾಜ್ಯದ ನಿಯಮದಿಂದ ವಿನಾಯಿತಿ ಇದೆ, ಅದನ್ನು ಸುಟ್ಟು ಶಕ್ತಿ ತೆಗೆಯುವ ಘಟಕಕ್ಕೂ ಇದೆ, ಆದ್ದರಿಂದ ಬೂದಿಗೂ ಇದೆ ಅಂತ ನಗರಾಡಳಿತ ಅಂದುಕೊಂಡಿತ್ತು. ಒಳಗೆ ಹೋದದ್ದು ನಿರಪಾಯ, ಹೊರಗೆ ಬಂದದ್ದು ಅಪಾಯ ಹೇಗಾದೀತು? ಆದರೆ ಸುಟ್ಟಾಗ ಕಸದ ಗಾತ್ರ ಇಳಿಯುತ್ತದೆ, ಅದರಲ್ಲಿದ್ದ ಸೀಸ, ಕ್ಯಾಡ್ಮಿಯಂ ಎಲ್ಲೂ ಹೋಗುವುದಿಲ್ಲ, ಬೂದಿಯಲ್ಲಿ ಒತ್ತಾಗಿ ಕೂರುತ್ತವೆ. 1994ರಲ್ಲಿ ಸುಪ್ರೀಂ ಕೋರ್ಟ್ 7–2ರಲ್ಲಿ ಹೇಳಿತು: ವಿನಾಯಿತಿ ಘಟಕಕ್ಕೆ, ಅದು ಹುಟ್ಟಿಸುವ ಬೂದಿಗಲ್ಲ. ಪರೀಕ್ಷೆ ಮಾಡಿ, ಮಿತಿ ಮೀರಿದ್ದರೆ ಅಪಾಯಕಾರಿ ತ್ಯಾಜ್ಯದಂತೆಯೇ ನೋಡಿಕೊಳ್ಳಿ. ಕಸದಿಂದ ಕರೆಂಟು ಅಂತ ಯಾರಾದರೂ ಯೋಜನೆ ತಂದರೆ ಎಷ್ಟು ಮೆಗಾವಾಟ್ ಅಂತ ಕೇಳುವ ಮೊದಲು ಬೂದಿ ಎಲ್ಲಿಗೆ ಅಂತ ಕೇಳಬೇಕಾದದ್ದು ಇದಕ್ಕೇ.

ವಸ್ತು ಗೆರೆ ದಾಟುವ ಕ್ಷಣವನ್ನು ತುಂಬ ಸ್ಪಷ್ಟವಾಗಿ ತೋರಿಸಿದ ಪ್ರಕರಣ ಯುರೋಪಿನದು. 1999ರ ಡಿಸೆಂಬರ್ 12ರಂದು ಎರಿಕಾ ಎಂಬ ಟ್ಯಾಂಕರ್ ಹಡಗು ಫ್ರಾನ್ಸಿನ ಬ್ರಿಟನಿ ಕರಾವಳಿಯಾಚೆ ಮುರಿದು ಮುಳುಗಿತು. ಅದರಲ್ಲಿದ್ದದ್ದು ಭಾರೀ ಇಂಧನ ತೈಲ. ದಡ ತೊಳೆದ ಖರ್ಚನ್ನು ಮೆಸ್ಕೇರ್ ಎಂಬ ಪುಟ್ಟ ಊರಿನ ಪಂಚಾಯ್ತಿ ಟೋಟಾಲ್ ಕಂಪನಿಯಿಂದ ಕೇಳಿತು. ತ್ಯಾಜ್ಯದ ಕಾನೂನಿನ ಪ್ರಕಾರ ಕೊಡಿ ಅಂತ. ನಾವು ಮಾರಿದ್ದು ಇಂಧನ, ಕಸವಲ್ಲ ಅಂತ ಕಂಪನಿ. 2008ರಲ್ಲಿ ಯುರೋಪಿಯನ್ ನ್ಯಾಯಾಲಯ ಇಬ್ಬರ ಮಾತಿನಲ್ಲೂ ಅರ್ಧರ್ಧ ಸರಿ ಇದೆ ಅಂದಿತು. ಟ್ಯಾಂಕಿನಲ್ಲಿ, ಮಾರಾಟಕ್ಕೆ ಇರುವವರೆಗೆ ಅದು ಸರಕು. ಸಮುದ್ರಕ್ಕೆ ಚೆಲ್ಲಿ, ನೀರು ಮರಳಿನ ಜೊತೆ ಬೆರೆತು ದಡ ಸೇರಿತೋ, ತ್ಯಾಜ್ಯ. ಮಾರಿದವರು, ಹಡಗು ಗೊತ್ತು ಮಾಡಿದವರು ಆ ಅಪಾಯಕ್ಕೆ ತಮ್ಮ ನಡತೆಯಿಂದ ಕಾರಣರಾಗಿದ್ದರೆ ಖರ್ಚು ಅವರ ತಲೆಗೂ ಬರಬಹುದು. ಹಡಗು ಹಳೆಯದೋ ಗಟ್ಟಿಯೋ ಅಂತ ನೋಡಿ ಬಾಡಿಗೆಗೆ ಹಿಡಿಯುವುದು ಕೂಡ ಲೆಕ್ಕಕ್ಕೆ ಬಂತು.

ಕಾಲದ ಗೆರೆಗೆ ಅಣು ತ್ಯಾಜ್ಯಕ್ಕಿಂತ ದೊಡ್ಡ ಉದಾಹರಣೆ ಸಿಗಲಾರದು. ಬಳಸಿದ ಅಣು ಇಂಧನವನ್ನು ನೆವಾಡಾದ ಯುಕ್ಕಾ ಬೆಟ್ಟದೊಳಗೆ ಹೂಳುವುದು ಅಂತ ಅಮೆರಿಕದ ಸಂಸತ್ತು 1987ರಲ್ಲಿ ತೀರ್ಮಾನಿಸಿತು. ಎಷ್ಟು ಕಾಲ ಸುರಕ್ಷಿತ ಅಂತ ತೋರಿಸಬೇಕು? ಪರಿಸರ ಸಂಸ್ಥೆ 10,000 ವರ್ಷ ಅಂದಿತು. ಆದರೆ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಕೊಟ್ಟ ಸಲಹೆ ಬೇರೆ ಇತ್ತು. ವಿಕಿರಣದ ಅಪಾಯ ಶಿಖರ ಮುಟ್ಟುವುದು 10,000 ವರ್ಷ ಕಳೆದು ಎಷ್ಟೋ ಕಾಲದ ಮೇಲೆ, ಅಲ್ಲಿಯವರೆಗೂ ಲೆಕ್ಕ ಹಾಕಿ ಅಂತ. ಅಪಾಯ ಬರುವ ಮೊದಲೇ ಲೆಕ್ಕ ನಿಲ್ಲಿಸಿದ ಆ ಗೆರೆಯನ್ನು 2004ರಲ್ಲಿ ಕೋರ್ಟು ಅಳಿಸಿತು. 2008ರಲ್ಲಿ ಹೊಸ ಮಿತಿ ಬಂತು: ಹತ್ತು ಲಕ್ಷ ವರ್ಷ. ಮನುಷ್ಯ ಬರೆಯಲು ಕಲಿತು ಐದು ಸಾವಿರ ವರ್ಷ ಅಂತ ನೆನಪಿರಲಿ.

ಇದರ ಮಧ್ಯೆ ಹತ್ತಿರದ ಗಡುವೇ ತಪ್ಪಿಹೋಗಿತ್ತು. 1998ರ ಜನವರಿ 31ರಿಂದ ಬಳಸಿದ ಇಂಧನವನ್ನು ಒಯ್ಯುತ್ತೇವೆ ಅಂತ ಸರ್ಕಾರ ವಿದ್ಯುತ್ ಕಂಪನಿಗಳ ಜೊತೆ ಕರಾರು ಮಾಡಿಕೊಂಡಿತ್ತು. ಒಂದು ಟನ್ನನ್ನೂ ಒಯ್ಯಲಿಲ್ಲ. ಕಂಪನಿಗಳು ದಾವೆ ಹೂಡಿ ಗೆದ್ದವು, ತೆರಿಗೆದಾರರ ದುಡ್ಡಿನಿಂದ ಸಾವಿರ ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಹೋಗಿದೆ. ಸುಮಾರು 90 ಸಾವಿರ ಟನ್ ಇಂಧನ ಇನ್ನೂ ಸ್ಥಾವರಗಳ ಅಂಗಳದಲ್ಲೇ ಇದೆ. ತಾತ್ಕಾಲಿಕವಾಗಿ ಟೆಕ್ಸಸ್‌ನಲ್ಲಿ ಇಡಲು ಕೊಟ್ಟ ಪರವಾನಗಿಯನ್ನು ಟೆಕ್ಸಸ್ ರಾಜ್ಯವೇ ಪ್ರಶ್ನಿಸಿತು. 2025ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನು? ಪರವಾನಗಿ ಕೊಡುವ ವಿಚಾರಣೆಯಲ್ಲಿ ನೀವು ಕಾನೂನುಪ್ರಕಾರ ಪಕ್ಷಗಾರರಾಗಿರಲಿಲ್ಲ, ಹಾಗಾಗಿ ಪ್ರಶ್ನಿಸುವ ಹಕ್ಕು ಇಲ್ಲ. ಪರವಾನಗಿ ಸರಿಯೋ ತಪ್ಪೋ ಅನ್ನುವ ಮಾತಿಗೆ ಕೋರ್ಟು ಹೋಗಲೇ ಇಲ್ಲ.

ಕಡತದಲ್ಲಿ ಎಲ್ಲಿಯೂ ಜಾಗ ಸಿಗದವರು ಮಾನವ ಹಕ್ಕಿನ ಬಾಗಿಲು ತಟ್ಟುತ್ತಾರೆ. ಸ್ಪೇನಿನ ಲೋರ್ಕಾ ಊರಿನಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಗಳ ತ್ಯಾಜ್ಯ ಸಂಸ್ಕರಿಸಲು 1988ರಲ್ಲಿ ಒಂದು ಘಟಕ ಶುರುವಾಯಿತು, ಪರವಾನಗಿ ಇಲ್ಲದೆ, ಒಂದು ಮನೆಯಿಂದ 12 ಮೀಟರ್ ದೂರದಲ್ಲಿ. ಪರಿಸರದ ಘಟಕವೇ ಅದು, ಸಬ್ಸಿಡಿಯೂ ಸಿಕ್ಕಿತ್ತು. ವಾಸನೆಗೆ, ಹೊಗೆಗೆ ಆ ಮನೆಯವರು ಬೇಸತ್ತು ಕೋರ್ಟು ಕೋರ್ಟು ಅಲೆದು ಕೊನೆಗೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಮುಟ್ಟಿದರು. 1994ರ ತೀರ್ಪಿನಲ್ಲಿ, ಮನೆ ಮತ್ತು ಖಾಸಗಿ ಬದುಕಿನ ಹಕ್ಕಿಗೆ ಇದರಿಂದ ಧಕ್ಕೆ ಬಂದಿದೆ ಅಂತ ಆಯಿತು. ಇಸ್ತಾಂಬುಲ್‌ನ ಉಮ್ರಾನಿಯೆ ಕಸದ ರಾಶಿಯದು ಇನ್ನೂ ಘೋರ. ಒಳಗೆ ಮೀಥೇನ್ ಕಟ್ಟಿಕೊಳ್ಳುತ್ತಿದೆ, ಯಾವಾಗ ಬೇಕಾದರೂ ಸಿಡಿಯಬಹುದು ಅಂತ 1991ರಲ್ಲೇ ತಜ್ಞರು ಬರೆದುಕೊಟ್ಟಿದ್ದರು. 1993ರ ಏಪ್ರಿಲ್ 28ರಂದು ಸಿಡಿಯಿತು, ಕಸದ ಗುಡ್ಡ ಕೆಳಗಿನ ಗುಡಿಸಲುಗಳ ಮೇಲೆ ಬಿತ್ತು, 39 ಜನ ಸತ್ತರು. ಅವು ಅಕ್ರಮ ಮನೆಗಳಾಗಿದ್ದವು ಅಂತ ಸರ್ಕಾರ ವಾದಿಸಿತು. ಮನೆ ಅಕ್ರಮವಾದರೆ ಜೀವದ ಹಕ್ಕು ಹೋಗುವುದಿಲ್ಲ ಅಂತ 2004ರಲ್ಲಿ ಆ ನ್ಯಾಯಾಲಯದ ಮಹಾಪೀಠ ತೀರ್ಪು ಕೊಟ್ಟಿತು. 2025ರ ಜನವರಿಯಲ್ಲಿ ಇಟಲಿಯ ನೇಪಲ್ಸ್ ಸುತ್ತಿನ ಪ್ರದೇಶದಲ್ಲಿ ದಶಕಗಳಿಂದ ಕಸ ಹೂತು, ಸುಟ್ಟು ನಡೆದ ಅಕ್ರಮದಲ್ಲೂ ಜೀವದ ಹಕ್ಕಿನ ಉಲ್ಲಂಘನೆ ಆಗಿದೆ ಅಂತ ಹೇಳಿ, ಸರಿಪಡಿಸಲು ಎರಡು ವರ್ಷ ಕೊಟ್ಟಿದೆ.

ಹಸಿರು ಇಂಧನ ಅಂದರೆ ಈ ಜಗಳ ಇಲ್ಲ ಅಂತ ಅಂದುಕೊಳ್ಳಬೇಡಿ. ರಾಜಸ್ಥಾನ, ಗುಜರಾತಿನ ಸೋಲಾರ್ ಮತ್ತು ಗಾಳಿ ವಿದ್ಯುತ್ತಿನ ತಂತಿಗಳು ಎರ್ಲಡ್ಡು ಹಕ್ಕಿಗೆ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್‌ಗೆ, ಸಾವಿನ ಬಲೆಯಾದವು. ಭಾರದ ಹಕ್ಕಿ, ಎದುರಿನ ನೋಟ ಮಂದ, ತಂತಿ ಹತ್ತಿರ ಬಂದಾಗ ತಿರುಗಲು ಆಗುವುದಿಲ್ಲ. 2021ರ ಏಪ್ರಿಲ್‌ನಲ್ಲಿ ಭಾರತದ ಸುಪ್ರೀಂ ಕೋರ್ಟ್ ಸುಮಾರು 99,000 ಚದರ ಕಿಲೋಮೀಟರ್ ಪ್ರದೇಶದಲ್ಲಿ ಮೇಲಿನ ತಂತಿಗೆ ಕಡಿವಾಣ ಹಾಕಿತು. 2024ರ ಮಾರ್ಚ್‌ನಲ್ಲಿ ಅದನ್ನೇ ಸಡಿಲಿಸಿ, ಎಲ್ಲಿ ನೆಲದಡಿ ಹಾಕಬೇಕು ಅನ್ನೋದನ್ನು ತಜ್ಞರ ಸಮಿತಿಗೆ ಬಿಟ್ಟಿತು. ಅದೇ ತೀರ್ಪಿನಲ್ಲಿ ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ಮುಕ್ತವಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಇದೆ ಅಂತಲೂ ಹೇಳಿತು. ಹಕ್ಕಿಯೂ ಪರಿಸರ, ಸೋಲಾರೂ ಪರಿಸರ. ಇಂಥಲ್ಲಿ ಗೆರೆ ಎಳೆಯುವ ಕೈ ನಡುಗಿದರೆ ಆಶ್ಚರ್ಯವಿಲ್ಲ.

ಇಷ್ಟೆಲ್ಲ ಆಗಿ ಅರ್ಜಿದಾರರು ಗೆದ್ದರು ಅಂತಿಟ್ಟುಕೊಳ್ಳಿ. ಆಮೇಲೆ? ಸುದ್ದಿಯಲ್ಲಿ ಅನುಮತಿ ರದ್ದು ಅಂತ ಓದಿ ಕೆಲಸ ನಿಂತಿತು ಅಂದುಕೊಳ್ಳುತ್ತೇವೆ. ಡಕೋಟ ಆಕ್ಸೆಸ್ ಪೈಪ್‌ಲೈನ್ ನೋಡಿ, 1,172 ಮೈಲಿ ಉದ್ದ, 2017ರಿಂದ ತೈಲ ಹರಿಯುತ್ತಿದೆ. ಸ್ಟ್ಯಾಂಡಿಂಗ್ ರಾಕ್ ಮೂಲನಿವಾಸಿಗಳ ಪ್ರದೇಶದ ಪಕ್ಕದ ಓಆಹೀ ಜಲಾಶಯದಡಿ ಹಾಯಲು ಕೊಟ್ಟ ಒಪ್ಪಿಗೆಗೆ ಸರಿಯಾದ ಅಧ್ಯಯನ ಆಗಿಲ್ಲ ಅಂತ 2020ರಲ್ಲಿ ತೀರ್ಪಾಯಿತು, ಪೈಪ್ ಖಾಲಿ ಮಾಡಿ ಅಂತಲೂ ಆದೇಶವಾಯಿತು. 2021ರ ಜನವರಿಯಲ್ಲಿ ಮೇಲ್ಮನವಿ ಕೋರ್ಟು ಒಪ್ಪಿಗೆ ರದ್ದಾದದ್ದು ಸರಿ, ಆದರೆ ಖಾಲಿ ಮಾಡುವ ಆದೇಶ ನಿಲ್ಲುವುದಿಲ್ಲ ಅಂದಿತು. ತೈಲ ಹರಿಯುತ್ತಲೇ ಇತ್ತು. ನಾರ್ವೆಯ ಫೋಸೆನ್‌ನಲ್ಲೂ ಹೀಗೇ. ಹಿಮಸಾರಂಗ ಮೇಯಿಸುವ ಸಾಮಿ ಜನರ ಸಂಸ್ಕೃತಿಯ ಹಕ್ಕು ಮುರಿದಿದೆ ಅಂತ 2021ರ ಅಕ್ಟೋಬರ್ 11ರಂದು ಅಲ್ಲಿನ ಸುಪ್ರೀಂ ಕೋರ್ಟ್ ಎರಡು ಗಾಳಿ ವಿದ್ಯುತ್ ಯೋಜನೆಗಳ ಪರವಾನಗಿಯನ್ನು ಅಸಿಂಧು ಮಾಡಿತು. ಅಷ್ಟು ಹೊತ್ತಿಗೆ 151 ಗಾಳಿಯಂತ್ರಗಳು ನಿಂತಾಗಿತ್ತು. ಕಿತ್ತು ಹಾಕಿ ಅಂತ ಕೋರ್ಟು ಹೇಳಿರಲಿಲ್ಲ. 2023ರಲ್ಲಿ ಯುವಜನ ಓಸ್ಲೋದಲ್ಲಿ ಇಂಧನ ಸಚಿವಾಲಯದೊಳಗೇ ಧರಣಿ ಕೂತರು. ಕೊನೆಗೆ 2023ರ ಡಿಸೆಂಬರ್‌ನಲ್ಲಿ, 2024ರ ಮಾರ್ಚ್‌ನಲ್ಲಿ ರಾಜಿ ಒಪ್ಪಂದಗಳಾದವು, ಯಂತ್ರಗಳು ಅಲ್ಲೇ ಉಳಿದವು.

ಭಾರತದಲ್ಲಿ ಇದೇ ಪ್ರಶ್ನೆ ಒಂದೇ ವರ್ಷದಲ್ಲಿ ಎರಡು ಬಾರಿ ಹೊರಳಿತು. 2006ರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಕೆಲಸ ಶುರುವಾಗುವ ಮೊದಲು ಸಿಗಬೇಕು. ಅನುಮತಿ ಇಲ್ಲದೆ ಕಟ್ಟಿದವರಿಗೆ ಆಮೇಲೆ ಕೊಡುವ ದಾರಿಯನ್ನು 2017ರ ಅಧಿಸೂಚನೆ, 2021ರ ಆದೇಶಗಳು ತೆರೆದವು. 2025ರ ಮೇ 16ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಎರಡನ್ನೂ ರದ್ದು ಮಾಡಿತು. ಅದೇ ನವೆಂಬರ್ 18ರಂದು ಮೂವರ ಪೀಠ 2–1ರಲ್ಲಿ ಆ ತೀರ್ಪನ್ನೇ ವಾಪಸ್ ಪಡೆಯಿತು. ಸಾವಿರಾರು ಕೋಟಿ ಸಾರ್ವಜನಿಕ ಹಣದ ಕಟ್ಟಡಗಳನ್ನು ಕೆಡವಬೇಕಾಗುತ್ತದೆ ಅನ್ನೋದು ಮುಖ್ಯ ಕಾರಣ. ಮೇ ತೀರ್ಪಿನಲ್ಲಿದ್ದ ನ್ಯಾಯಮೂರ್ತಿ ಭುಯಾನ್ ಭಿನ್ನಮತ ಬರೆದರು. ಕೆಡವಲು ಆಗದಷ್ಟು ದೊಡ್ಡದಾಗಿ, ಬೇಗ ಕಟ್ಟಿಬಿಟ್ಟವರಿಗೆ ಇದು ಬಹುಮಾನ ಅಲ್ಲದೆ ಮತ್ತೇನು ಅಂತ ನನಗೂ ಅನ್ನಿಸುತ್ತದೆ.

ಹಾಳು ಮಾಡಿದವರೇ ಖರ್ಚು ಕೊಡಬೇಕು ಅನ್ನುವ ತತ್ವ ಕೇಳಲು ಚೆಂದ, ವಸೂಲಿ ಮಾಡುವಾಗ ಗೊತ್ತಾಗುತ್ತದೆ ಕಷ್ಟ. ರಾಜಸ್ಥಾನದ ಬಿಚ್ಛ್ರಿ ಹಳ್ಳಿಯಲ್ಲಿ ರಾಸಾಯನಿಕ ಕಾರ್ಖಾನೆಗಳ ಕೆಸರು ನೆಲಕ್ಕಿಳಿದು ಬಾವಿಗಳ ನೀರೆಲ್ಲ ಬಣ್ಣ ತಿರುಗಿತು. ಕಂಪನಿಗಳೇ ಭರಿಸಬೇಕು ಅಂತ ಸುಪ್ರೀಂ ಕೋರ್ಟ್ 1996ರ ಫೆಬ್ರವರಿಯಲ್ಲಿ ಹೇಳಿತು. ಕಂಪನಿ ಅರ್ಜಿಯ ಮೇಲೆ ಅರ್ಜಿ ಹಾಕುತ್ತಾ ಹೋಯಿತು. 2011ರಲ್ಲಿ ಕೋರ್ಟು ತಾಳ್ಮೆಗೆಟ್ಟು 37.385 ಕೋಟಿ ರೂಪಾಯಿಗೆ 1997ರ ನವೆಂಬರ್‌ನಿಂದ ಶೇ 12ರ ಚಕ್ರಬಡ್ಡಿ ಸೇರಿಸಿ ಕಟ್ಟು ಅಂದಿತು.

ಹಾಗಾಗಿ ಈ ಆಟದಲ್ಲಿ ಗಡಿಯಾರ ಎಲ್ಲಕ್ಕಿಂತ ಮುಖ್ಯ. ಭಾರತದಲ್ಲಿ ಪರಿಸರ ಅನುಮತಿ ಪ್ರಶ್ನಿಸಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು ಇರುವುದು 30 ದಿನ. ತಕ್ಕ ಕಾರಣ ತೋರಿಸಿದರೆ ಇನ್ನೂ 60 ದಿನ, ಅದರಾಚೆ ನ್ಯಾಯಮಂಡಳಿಗೂ ಕೈ ಕಟ್ಟಿದಂತೆ. ಇಂಗ್ಲೆಂಡಿನಲ್ಲಿ ಯೋಜನಾ ಅನುಮತಿ ಪ್ರಶ್ನಿಸಲು ಆರು ವಾರ. ಅನುಮತಿ ಪತ್ರದ ಮೇಲಿನ ತಾರೀಖು, ಅದು ಸಾರ್ವಜನಿಕವಾಗಿ ಪ್ರಕಟವಾದ ತಾರೀಖು, ಆಮೇಲೆ ವರದಿಯಲ್ಲಿ ಅಧ್ಯಯನದ ವ್ಯಾಪ್ತಿ ಅಂತ ಇರುವ ಅಧ್ಯಾಯ, ಇವಿಷ್ಟನ್ನು ಮೊದಲ ವಾರದಲ್ಲೇ ತೆಗೆದು ಓದಿ. ಎಷ್ಟು ಕಿಲೋಮೀಟರ್ ಸುತ್ತಳತೆ, ಎಷ್ಟು ವರ್ಷ, ಯಾವ ಯಾವ ಬೂದಿ, ಯಾವ ತಂತಿ ಮಾರ್ಗ ಲೆಕ್ಕದಲ್ಲಿದೆ ಅನ್ನೋದು ಆ ಅಧ್ಯಾಯದಲ್ಲೇ ಬರೆದಿರುತ್ತದೆ, ಅಥವಾ ಬರೆದಿರುವುದಿಲ್ಲ. ವಕೀಲರು ಮೊದಲು ಕೇಳುವುದೂ ಅದೇ ಪುಟಗಳನ್ನು.